ಪ್ರೊಸೆಸರ್, ಮದರ್‌ಬೋರ್ಡ್ ಆಯ್ಕೆ ಮತ್ತು ಓವರ್‌ಕ್ಲಾಕಿಂಗ್: ವೋಲ್ಟೇಜ್ ನೋಡಿ ಹೆಜ್ಜೆಯಿಡುವ ಕ್ರಮ

2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರಿನ ಮೂಲ ವೇಗ 3.3 ಗಿಗಾಹರ್ಟ್ಸ್. ಒಂದು ಒಳ್ಳೆಯ ಏರ್ ಕೂಲರ್ ಇದ್ದರೆ ಅದನ್ನು 4.5 ಗಿಗಾಹರ್ಟ್ಸ್‌ವರೆಗೆ ಒಯ್ಯುವುದು ಆಗ ಸಾಮಾನ್ಯ ಸಂಗತಿಯಾಗಿತ್ತು. ತಯಾರಕರು ನಿಗದಿಪಡಿಸಿದ ವೇಗವನ್ನು ಮೀರಿ ಹೀಗೆ ಓಡಿಸುವುದೇ ಓವರ್‌ಕ್ಲಾಕಿಂಗ್. ಇಂದಿನ ಪ್ರೊಸೆಸರ್‌ಗಳು ತಾಪಮಾನ ಮತ್ತು ವಿದ್ಯುತ್ ಮಿತಿಗಳನ್ನು ಕ್ಷಣಕ್ಷಣಕ್ಕೂ ಗಮನಿಸುತ್ತಾ ತಾವಾಗಿಯೇ ಮೂಲ ವೇಗಕ್ಕಿಂತ ಹೆಚ್ಚಿನ ಬೂಸ್ಟ್ ವೇಗಕ್ಕೆ ಏರುವುದರಿಂದ, ಬಳಕೆದಾರರ ಪಾಲಿಗೆ ಉಳಿಯುವುದು ಕೆಲವೇ ಶೇಕಡಾ ಲಾಭ. ಆ ಲಾಭ ಎಷ್ಟು ಸಿಗುತ್ತದೆ, ಅದು ಬಾಳಿಕೆ ಬರುತ್ತದೆಯೇ ಎಂಬುದನ್ನು ವೋಲ್ಟೇಜ್ ನಿರ್ಧರಿಸುತ್ತದೆ. ಕೊಳ್ಳುವಾಗಲೂ ಇದನ್ನೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಕೆಲಸ ಯಾವುದೆಂದು ನಿಶ್ಚಯಿಸಿ. ವಿಡಿಯೋ ರೆಂಡರಿಂಗ್, ಕೋಡ್ ಕಂಪೈಲ್ ಮಾಡುವಂಥ ಕೆಲಸಗಳಿಗೆ ಕೋರ್‌ಗಳ (ಪ್ರೊಸೆಸರಿನೊಳಗೆ ಏಕಕಾಲದಲ್ಲಿ ಕೆಲಸ ಮಾಡುವ ಘಟಕಗಳ) ಸಂಖ್ಯೆ ಮುಖ್ಯ. ಗೇಮ್‌ಗಳಲ್ಲಿ ಹಲವು ಬಾರಿ ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ಅತಿವೇಗದ ಪುಟ್ಟ ಮೆಮೊರಿ, ಹೆಚ್ಚು ನೆರವಾಗುತ್ತದೆ. 2022ರಲ್ಲಿ ಬಂದ ಎಎಂಡಿಯ ರೈಜನ್ 7 5800ಎಕ್ಸ್3ಡಿ ಇದಕ್ಕೆ ಸ್ಪಷ್ಟ ನಿದರ್ಶನ: 96 ಎಂಬಿ ಎಲ್3 ಕ್ಯಾಶ್ ಹೊಂದಿದ್ದ ಆ ಚಿಪ್‌ನ ಮಲ್ಟಿಪ್ಲೈಯರ್ (ಬೇಸ್ ಕ್ಲಾಕ್ ಎಂಬ ಮೂಲ ಆವರ್ತನವನ್ನು ಗುಣಿಸಿ ವೇಗ ನಿರ್ಧರಿಸುವ ಸಂಖ್ಯೆ) ಬದಲಿಸಲಾಗದಂತೆ ಲಾಕ್ ಆಗಿದ್ದರೂ, ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡುವ ಅನೇಕ ಪ್ರೊಸೆಸರ್‌ಗಳನ್ನು ಅದು ಗೇಮ್‌ಗಳಲ್ಲಿ ಹಿಂದಿಕ್ಕಿತು. ಬರೀ ಗೇಮ್‌ಗಾಗಿ ಕೊಳ್ಳುವವರು ಓವರ್‌ಕ್ಲಾಕಿಂಗ್‌ಗೆ ಮೀಸಲಿಟ್ಟ ಹಣವನ್ನು ಇಂಥ ಚಿಪ್‌ಗೆ ಹಾಕುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಓವರ್‌ಕ್ಲಾಕ್ ಮಾಡಲೇಬೇಕೆಂದರೆ ಪ್ರೊಸೆಸರ್ ಮತ್ತು ಚಿಪ್‌ಸೆಟ್ (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್) ಎರಡೂ ಒಪ್ಪಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ, ಕೆಎಫ್ ಅಥವಾ ಕೆಎಸ್ ಇರುವ ಪ್ರೊಸೆಸರ್‌ಗೆ ಝಡ್ ಸರಣಿಯ ಬೋರ್ಡ್ ಬೇಕು. ಬಿ760 ಚಿಪ್‌ಸೆಟ್‌ನ ಬೋರ್ಡಿನಲ್ಲಿ ಮೆಮೊರಿ ವೇಗ ಏರಿಸಬಹುದೇ ಹೊರತು ಕೋರ್ ಮಲ್ಟಿಪ್ಲೈಯರ್ ಏರಿಸಲಾಗದು. ಎಎಂಡಿಯ ಬಹುತೇಕ ರೈಜನ್‌ಗಳು ಅನ್‌ಲಾಕ್ ಆಗಿಯೇ ಬರುತ್ತವೆ, ಬಿ650ಯಂಥ ಮಧ್ಯಮ ದರ್ಜೆಯ ಬೋರ್ಡಿನಲ್ಲೂ ಅವುಗಳ ವೇಗ ಏರಿಸಬಹುದು. ಎ620 ಚಿಪ್‌ಸೆಟ್‌ನಲ್ಲಿ ಆ ಅವಕಾಶವಿಲ್ಲ. ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಹೊಂದುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ: 12ರಿಂದ 14ನೇ ಪೀಳಿಗೆಯ ಇಂಟೆಲ್‌ಗೆ ಎಲ್‌ಜಿಎ 1700, ಕೋರ್ ಅಲ್ಟ್ರಾ 200ಎಸ್ ಸರಣಿಗೆ ಎಲ್‌ಜಿಎ 1851, ರೈಜನ್ 7000 ಮತ್ತು 9000 ಸರಣಿಗಳಿಗೆ ಎಎಂ5.

ಬೋರ್ಡಿನಲ್ಲಿ ನಿಜವಾಗಿ ಹಣ ಹಾಕಬೇಕಾದ ಜಾಗ ವಿಆರ್‌ಎಂ, ಅಂದರೆ ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದೂಚಿಲ್ಲರೆ ವೋಲ್ಟಿಗೆ ಇಳಿಸುವ ಭಾಗ. 1.2 ವೋಲ್ಟ್‌ನಲ್ಲಿ 240 ವ್ಯಾಟ್ ಎಳೆಯುವ ಪ್ರೊಸೆಸರಿಗೆ 200 ಆಂಪಿಯರ್ ಕರೆಂಟ್ ಹರಿಯಬೇಕು. ಈ ಕರೆಂಟನ್ನು ಹಂಚಿಕೊಳ್ಳುವ ಸಮಾನಾಂತರ ವಿದ್ಯುತ್ ಮಾರ್ಗಗಳೇ ಫೇಸ್‌ಗಳು. ಆರು ಫೇಸ್ ಇರುವ ಬೋರ್ಡಿನಲ್ಲಿ ಪ್ರತಿ ಫೇಸ್ ಸುಮಾರು 33 ಆಂಪಿಯರ್ ಹೊರಬೇಕಾದರೆ, ಹನ್ನೆರಡು ಫೇಸ್ ಇದ್ದಲ್ಲಿ ಅದು 17ಕ್ಕೆ ಇಳಿಯುತ್ತದೆ. ರೋಧದಿಂದ ಹುಟ್ಟುವ ಶಾಖ ಕರೆಂಟ್‌ನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಹೊರೆಯನ್ನು ಹೀಗೆ ಹಂಚಿದಾಗ ವಿಆರ್‌ಎಂ ಗಣನೀಯವಾಗಿ ತಂಪಾಗಿರುತ್ತದೆ. ಪೆಟ್ಟಿಗೆಯ ಮೇಲೆ 14+2 ಎಂದಿದ್ದರೆ ಕೋರ್‌ಗಳಿಗೆ ಸಿಗುವುದು ಮೊದಲಿನ 14 ಮಾತ್ರ. ಫೇಸ್‌ಗಳ ಸಂಖ್ಯೆಯೊಂದನ್ನೇ ನಂಬದೆ, ಪ್ರತಿ ಪವರ್ ಸ್ಟೇಜ್ (ಫೇಸ್‌ನಲ್ಲಿ ಕರೆಂಟ್ ನಿಯಂತ್ರಿಸುವ ಚಿಪ್) ಎಷ್ಟು ಆಂಪಿಯರ್‌ನದು, ಅದರ ಮೇಲೆ ದಪ್ಪನೆಯ ಲೋಹದ ಹೀಟ್‌ಸಿಂಕ್ ಇದೆಯೇ ಎಂಬುದನ್ನು ಪರಿಶೀಲಿಸಿ. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಇಲ್ಲಿಗೆ ತಿರುಗಿಸಿದರೆ ಫಲ ಖಂಡಿತ ಕಾಣುತ್ತದೆ.

ಕೆಲಸ ಆರಂಭಿಸುವ ಮುನ್ನ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಅನ್ನು ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿ, ಎಲ್ಲ ಸೆಟ್ಟಿಂಗ್‌ಗಳನ್ನು ಡಿಫಾಲ್ಟ್‌ನಲ್ಲಿಟ್ಟು, ವೇಗ ಅಳೆಯುವ ಸಿನೆಬೆಂಚ್ ಓಡಿಸಿ ಅಂಕವನ್ನೂ, ಸೆನ್ಸರ್‌ಗಳನ್ನು ಓದುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೋರಿಸುವ ತಾಪಮಾನ, ವೋಲ್ಟೇಜ್, ವ್ಯಾಟ್‌ಗಳನ್ನೂ ಬರೆದಿಟ್ಟುಕೊಳ್ಳಿ. ಡಿಫಾಲ್ಟ್ ಸ್ಥಿತಿಯಲ್ಲೇ ಪ್ರೊಸೆಸರ್ ತನ್ನ ತಾಪಮಾನದ ಗರಿಷ್ಠ ಮಿತಿಯನ್ನು ಮುಟ್ಟುತ್ತಿದ್ದರೆ ಮೊದಲು ಕೂಲರ್ ಸರಿಪಡಿಸಬೇಕು. ಆ ಮಿತಿ ರೈಜನ್ 7000 ಸರಣಿಯ ಹೆಚ್ಚಿನ ಮಾದರಿಗಳಲ್ಲಿ 95 ಡಿಗ್ರಿ ಸೆಲ್ಸಿಯಸ್, ಇಂಟೆಲ್‌ನ ಇತ್ತೀಚಿನ ಅನೇಕ ಮಾದರಿಗಳಲ್ಲಿ 100 ಡಿಗ್ರಿ.

ಇಂಟೆಲ್‌ನಲ್ಲಿ ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್ ಇರುತ್ತದೆ; ಮಲ್ಟಿಪ್ಲೈಯರ್ 50 ಆದರೆ ವೇಗ 5.0 ಗಿಗಾಹರ್ಟ್ಸ್. ಒಂದು ಬಾರಿಗೆ ಒಂದೇ ಅಂಕಿ ಏರಿಸಿ, ಪರೀಕ್ಷಿಸಿ, ಸ್ಥಿರವಾಗಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ. ಅಸ್ಥಿರವಾದಾಗ ವೋಲ್ಟೇಜನ್ನು 0.01 ಅಥವಾ 0.02 ವೋಲ್ಟ್‌ನಂತೆ ಏರಿಸಬಹುದು, ಆದರೆ ಅದರ ಬೆಲೆಯನ್ನು ಲೆಕ್ಕಹಾಕಿಯೇ ಏರಿಸಬೇಕು. ವಿದ್ಯುತ್ ಬಳಕೆ ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. 5.0ರಿಂದ 5.2 ಗಿಗಾಹರ್ಟ್ಸ್‌ಗೆ ಹೋಗಲು ವೋಲ್ಟೇಜನ್ನು 1.20ರಿಂದ 1.30ಕ್ಕೆ ಏರಿಸಬೇಕಾಗಿ ಬಂದರೆ, ಶೇ. 4ರಷ್ಟು ವೇಗಕ್ಕಾಗಿ ಸುಮಾರು ಶೇ. 22ರಷ್ಟು ಹೆಚ್ಚು ವಿದ್ಯುತ್ ವ್ಯಯವಾಗುತ್ತದೆ. ಲೆಕ್ಕ ಹೀಗೆ ಹದಗೆಡತೊಡಗಿದಾಗ ಒಂದು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಿಸಿ. ಹೊರೆ ಏರಿದಾಗ ವೋಲ್ಟೇಜ್ ಕುಸಿಯುವುದನ್ನು ತಡೆಯುವ ಲೋಡ್-ಲೈನ್ ಕ್ಯಾಲಿಬ್ರೇಶನ್ ಎಂಬ ಸೆಟ್ಟಿಂಗನ್ನು ಮಧ್ಯಮ ಮಟ್ಟದಲ್ಲಿಡಿ; ತೀರಾ ಬಿಗಿಯಾದ ಮಟ್ಟದಲ್ಲಿಟ್ಟರೆ ಹೊರೆ ಥಟ್ಟನೆ ಇಳಿದಾಗ ವೋಲ್ಟೇಜ್ ಕ್ಷಣಕಾಲ ಮಿತಿಮೀರಿ ನೆಗೆಯುತ್ತದೆ.

ರೈಜನ್‌ನಲ್ಲಿ ಎಲ್ಲ ಕೋರ್‌ಗಳಿಗೂ ಒಂದೇ ವೇಗ ನಿಗದಿಪಡಿಸುವುದಕ್ಕಿಂತ ಪಿಬಿಒ (ಬೂಸ್ಟ್‌ನ ವಿದ್ಯುತ್ ಮಿತಿಗಳನ್ನು ಸಡಿಲಿಸುವ ಎಎಂಡಿಯ ಸೌಲಭ್ಯ) ಜೊತೆಗೆ ಕರ್ವ್ ಆಪ್ಟಿಮೈಸರ್ (ಆಯಾ ವೇಗಕ್ಕೆ ಬಳಸುವ ವೋಲ್ಟೇಜನ್ನು ಹೊಂದಿಸುವ ಸೆಟ್ಟಿಂಗ್) ಬಳಸುವುದನ್ನೇ ನಾನು ಶಿಫಾರಸು ಮಾಡುತ್ತೇನೆ. ಇಲ್ಲಿ ಋಣ ಮೌಲ್ಯ ಕೊಟ್ಟರೆ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಬಳಕೆಯಾಗಿ, ಉಳಿದ ಶಾಖದ ಅವಕಾಶದಲ್ಲಿ ಪ್ರೊಸೆಸರ್ ತಾನೇ ಮೇಲೇರುತ್ತದೆ. ಮೈನಸ್ 10ರಿಂದ ಆರಂಭಿಸಿ ನಿಧಾನವಾಗಿ ಮುಂದುವರಿಯಿರಿ.

ಸ್ಥಿರತೆಯ ಪರೀಕ್ಷೆಗೆ ಪ್ರೊಸೆಸರಿಗೆ ಪೂರ್ಣ ಹೊರೆ ಹಾಕುವ ಪ್ರೈಮ್95 ಅಥವಾ ಒಸಿಸಿಟಿಯನ್ನು ಕೆಲವು ಗಂಟೆ ಓಡಿಸಿ. ಆದರೆ ವೋಲ್ಟೇಜ್ ಇಳಿಸಿದ ಪ್ರೊಸೆಸರ್ ಪೂರ್ಣ ಹೊರೆಯಲ್ಲಿ ಗಟ್ಟಿಯಾಗಿ ನಿಂತು, ಬ್ರೌಸರ್ ತೆರೆಯುವಂಥ ಹಗುರ ಕೆಲಸದಲ್ಲಿ ರೀಸ್ಟಾರ್ಟ್ ಆಗುವುದುಂಟು, ಏಕೆಂದರೆ ಒಂದೇ ಕೋರ್ ಅತ್ಯುಚ್ಚ ವೇಗಕ್ಕೇರುವುದು ಆಗಲೇ. ಆದ್ದರಿಂದ ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೋರ್‌ಸೈಕ್ಲರ್ ಕೂಡ ಬೇಕು. ಕಂಪ್ಯೂಟರ್ ನಿಲ್ಲದಿದ್ದರೂ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ (ಹಾರ್ಡ್‌ವೇರ್) ದೋಷಗಳು ಕಂಡರೆ ಅದನ್ನು ವೈಫಲ್ಯವೆಂದೇ ಪರಿಗಣಿಸಿ. ಮೆಮೊರಿಯನ್ನು ಅದರ ಘೋಷಿತ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲನ್ನು ಕೋರ್‌ಗಳ ಪರೀಕ್ಷೆ ಮುಗಿದ ಬಳಿಕ ಆನ್ ಮಾಡಿ ಮೆಮ್‌ಟೆಸ್ಟ್86ರಿಂದ ಬೇರೆಯಾಗಿ ಪರೀಕ್ಷಿಸಿದರೆ ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ. ಕಂಪ್ಯೂಟರ್ ಬೂಟ್ ಆಗದೇ ಹೋದರೆ, ಪವರ್ ಕೇಬಲ್ ತೆಗೆದು, ಬೋರ್ಡಿನ ಮ್ಯಾನ್ಯುಯಲ್ ಹೇಳುವಂತೆ ಕ್ಲಿಯರ್ ಸಿಮಾಸ್ ಮಾಡಿದರೆ ಸೆಟ್ಟಿಂಗ್‌ಗಳು ಡಿಫಾಲ್ಟ್‌ಗೆ ಮರಳುತ್ತವೆ.

ಬೋರ್ಡಿನ 'ಆಟೋ' ವೋಲ್ಟೇಜ್ ಸುರಕ್ಷಿತವೆಂದು ಭಾವಿಸಬೇಡಿ. 2023ರಲ್ಲಿ ಕೆಲವು ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಬಳಿಕ ಮೆಮೊರಿ ನಿಯಂತ್ರಕದಂಥ ಭಾಗಗಳಿಗೆ ಹೋಗುವ ಎಸ್‌ಒಸಿ ವೋಲ್ಟೇಜಿಗೆ 1.3 ವೋಲ್ಟ್‌ನ ಮಿತಿ ಬಂತು. 13 ಮತ್ತು 14ನೇ ಪೀಳಿಗೆಯ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅತಿಯಾದ ವೋಲ್ಟೇಜಿನಿಂದ ಅಸ್ಥಿರತೆ ಉಂಟಾಗುತ್ತಿದ್ದುದಕ್ಕೆ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ನಿಯಂತ್ರಣ ಸೂಚನೆಗಳ) ತಿದ್ದುಪಡಿಗಳು ಬಂದವು. ಅವು ತಲುಪುವುದು ಬಯಾಸ್ ಅಪ್‌ಡೇಟ್ ಮೂಲಕ. ಹೀಗೆ ಅಪ್‌ಡೇಟ್ ಮಾಡಿದಾಗ ಸಾಮಾನ್ಯವಾಗಿ ನಿಮ್ಮ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ, ಹಳೆಯ ಪ್ರೊಫೈಲ್ ಹೊಸ ಆವೃತ್ತಿಯಲ್ಲಿ ಲೋಡ್ ಆಗದೆಯೂ ಇರಬಹುದು. ಆದ್ದರಿಂದ ಬಯಾಸ್‌ನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಮೌಲ್ಯಗಳನ್ನು ಕೈಯಾರೆ ಮತ್ತೆ ನಮೂದಿಸಿ, ಪರೀಕ್ಷೆಗಳನ್ನು ಮೊದಲಿನಿಂದ ನಡೆಸಿ.