ಸೋತವರ ಸಾಲನ್ನೂ ಬರೆಯಿರಿ: ಬ್ಯಾಟರ್ಸೀ ನಾರ್ತ್‌ನ ಚುನಾವಣಾ ಚರಿತ್ರೆ ಕಟ್ಟಿದ ನನ್ನ ಅನುಭವ

ಬ್ರಿಟನ್ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಗೆದ್ದು ಹೋದ ಮೂವರು ಪಾರ್ಸಿಗಳ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರುತ್ತಾರೆ. 1892ರಲ್ಲಿ ಲಿಬರಲ್ ಪಕ್ಷದ ದಾದಾಭಾಯಿ ನವರೋಜಿ, 1895ರಲ್ಲಿ ಕನ್ಸರ್ವೇಟಿವ್ ಪಕ್ಷದ ಮಂಚೇರ್ಜಿ ಭಾವನಗ್ರಿ, 1922ರಲ್ಲಿ ಲೇಬರ್ ಪಕ್ಷದ ಶಾಪುರ್ಜಿ ಸಕ್ಲತ್ವಾಲಾ. ಅವರ ಬಗ್ಗೆ ಓದೋಕೆ ಬೇಕಾದಷ್ಟಿದೆ. ಅವರನ್ನು ಗೆಲ್ಲಿಸಿದ ಕ್ಷೇತ್ರಗಳ ಬಗ್ಗೆ ಸಿಗೋದು ಕಮ್ಮಿ. ಫಿನ್ಸ್‌ಬರಿ ಸೆಂಟ್ರಲ್, ಬೆತ್ನಲ್ ಗ್ರೀನ್ ನಾರ್ತ್ ಈಸ್ಟ್, ಬ್ಯಾಟರ್ಸೀ ನಾರ್ತ್, ಈ ಮೂರರಲ್ಲಿ ಒಂದೂ ಈಗ ಉಳಿದಿಲ್ಲ.

ನಾನಿರುವುದು ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕೆ. ಬ್ಯಾಟರ್ಸೀಗೆ ಒಂದೇ ಬಸ್ಸು. ಹಾಗಾಗಿ ಮೂರರಲ್ಲಿ ಅದನ್ನೇ ಆರಿಸಿಕೊಂಡೆ. 1918ರಲ್ಲಿ ಹುಟ್ಟಿ 1983ರಲ್ಲಿ ಇಲ್ಲವಾದ ಕ್ಷೇತ್ರ ಅದು. ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಸಕ್ಲತ್ವಾಲಾ ಬಾಂಬೆಯಲ್ಲಿ ಹುಟ್ಟಿದವರು, ಜಮ್‌ಷೆಟ್‌ಜಿ ಟಾಟಾ ಅವರ ಸೋದರಳಿಯ, ಮೇಲಾಗಿ ಕಮ್ಯುನಿಸ್ಟ್. ಆ ಕಾಲದ ಬ್ಯಾಟರ್ಸೀಯಲ್ಲಿ ಭಾರತೀಯರ ಮತ ಲೆಕ್ಕಕ್ಕೇ ಇರಲಿಲ್ಲ. ಅಂಥವರು ಅಲ್ಲಿ ಎರಡು ಸಲ ಗೆದ್ದಿದ್ದು ಹೇಗೆ?

ಗೆದ್ದವರ ಪಟ್ಟಿ ನೋಡಿದರೆ ಉತ್ತರ ಸಿಗೋದಿಲ್ಲ. ಇಸವಿ, ಹೆಸರು, ಪಕ್ಷ, ಅಷ್ಟೇ ಇರುತ್ತದೆ. ಕ್ಷೇತ್ರದ ಚರಿತ್ರೆ ಇರೋದು ಸೋತವರ ಸಾಲುಗಳಲ್ಲಿ, ಜೊತೆಗೆ ಕಣಕ್ಕೇ ಇಳಿಯದ ಪಕ್ಷಗಳಲ್ಲಿ. ಈ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು.

ಮೊದಲು ಗಡಿ ಗೊತ್ತುಮಾಡಿಕೊಂಡೆ. 1885ರಿಂದ 1918ರವರೆಗೆ ಬ್ಯಾಟರ್ಸೀ ಅನ್ನೋ ಒಂದೇ ಕ್ಷೇತ್ರ ಇತ್ತು. ಅದರ ಮೊದಲ ಸದಸ್ಯ ಆಕ್ಟೇವಿಯಸ್ ವಾನ್ ಮಾರ್ಗನ್. ನದಿ ದಂಡೆಯಲ್ಲಿ ಲೋಹ ಕರಗಿಸುವ ಮೂಸೆಗಳ ದೊಡ್ಡ ಕಾರ್ಖಾನೆ ನಡೆಸುತ್ತಿದ್ದ ಮಾರ್ಗನ್ ಸೋದರರಲ್ಲಿ ಅವರೊಬ್ಬರು. 1892ರಲ್ಲಿ ಆ ಸ್ಥಾನಕ್ಕೆ ಕಾರ್ಮಿಕ ನಾಯಕ ಜಾನ್ ಬರ್ನ್ಸ್ ಬಂದರು. ಮುಂದೆ ಅವರು ಮಂತ್ರಿಯೂ ಆದರು. 1914ರಲ್ಲಿ ಬ್ರಿಟನ್ ಯುದ್ಧಕ್ಕಿಳಿದಾಗ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಕಾರ್ಖಾನೆ ಮಾಲೀಕರ ಕೈಯಿಂದ ಕಾರ್ಮಿಕರ ಕೈಗೆ ಬಂದ ಊರು ಅನ್ನೋದು ಇಷ್ಟರಲ್ಲೇ ಕಾಣುತ್ತದೆ ಅಲ್ವಾ?

1918ರಲ್ಲಿ ಈ ಕ್ಷೇತ್ರವನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿದರು. ನಕ್ಷೆ ಹಿಡಿದು ಎರಡೂ ಕಡೆ ನಡೆದೆ. ದಕ್ಷಿಣದಲ್ಲಿ ದೊಡ್ಡ ಬಯಲುಗಳ ಸುತ್ತ ಅನುಕೂಲಸ್ಥರ ಮನೆಗಳು. ಉತ್ತರದಲ್ಲಿ ನದಿ, ರೈಲು ಹಳಿ, ಗೂಡ್ಸ್ ಯಾರ್ಡು, ಗ್ಯಾಸ್ ಕಾರ್ಖಾನೆ ಇದ್ದ ಜಾಗ. ನೈನ್ ಎಲ್ಮ್ಸ್‌ನಲ್ಲಿ ಈಗ ಅಮೆರಿಕದ ರಾಯಭಾರ ಕಚೇರಿ, ಗಾಜಿನ ಕಟ್ಟಡಗಳು ಎದ್ದಿವೆ. ಹಳೆಯ ಬ್ಯಾಟರ್ಸೀಯನ್ನು ನೋಡಬೇಕೆಂದರೆ ಲ್ಯಾಚ್‌ಮಿಯರ್ ಎಸ್ಟೇಟಿಗೆ ಹೋಗಬೇಕು. 1903ರಲ್ಲಿ ಅಲ್ಲಿನ ಕೌನ್ಸಿಲ್ ಗುತ್ತಿಗೆದಾರರಿಗೆ ಕೊಡದೆ ತನ್ನದೇ ಕೆಲಸಗಾರರಿಂದ ಕಟ್ಟಿಸಿದ ಮನೆಗಳು. ಬೀದಿಗಳ ಹೆಸರು ರಿಫಾರ್ಮ್ ಸ್ಟ್ರೀಟ್, ಫ್ರೀಡಮ್ ಸ್ಟ್ರೀಟ್. ಇನ್ನೊಂದು ಬೀದಿಗೆ ಜೂಬೇರ್ ಅಂತ ಹೆಸರು. ಅವರು ದಕ್ಷಿಣ ಆಫ್ರಿಕಾದಲ್ಲಿ ಬ್ರಿಟನ್ ವಿರುದ್ಧ ಹೋರಾಡಿದ ಬೋಯರ್ ಜನರ (ಅಲ್ಲಿ ನೆಲೆಸಿದ್ದ ಡಚ್ ಮೂಲದವರ) ದಂಡನಾಯಕ. ಆ ಯುದ್ಧ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಶತ್ರು ದಂಡನಾಯಕನ ಹೆಸರನ್ನು ತಮ್ಮ ಬೀದಿಗೆ ಇಟ್ಟುಕೊಂಡ ಜನ ಇವರು. ಸಕ್ಲತ್ವಾಲಾಗೆ ಮತ ಹಾಕಿದ್ದು ಇವರ ನೆರೆಹೊರೆಯೇ. ಅಂಕಿಗಳನ್ನು ತೆರೆಯುವ ಮೊದಲು ಹೀಗೆ ನಡೆದು ನೋಡಿದ್ದು ತುಂಬ ಉಪಯೋಗಕ್ಕೆ ಬಂತು.

ಆಮೇಲೆ ಎಕ್ಸೆಲ್ ಹಾಳೆ. ಒಂದು ಚುನಾವಣೆಗೆ ಒಂದು ಸಾಲು ಅಂತ ಮಾಡಲಿಲ್ಲ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಸಾಲು ಕೊಟ್ಟೆ. ಹಾಗೆ ಮಾಡಿದ್ದರಿಂದಲೇ 1918ರ ಸಾಲಿನಲ್ಲಿ ಶಾರ್ಲಟ್ ಡೆಸ್ಪಾರ್ಡ್ ಕಂಡರು. ಮಹಿಳೆಯರು ಪಾರ್ಲಿಮೆಂಟಿಗೆ ಸ್ಪರ್ಧಿಸಲು ಅವಕಾಶ ಸಿಕ್ಕ ಮೊದಲ ಚುನಾವಣೆ ಅದು. ಲೇಬರ್ ಪಕ್ಷದಿಂದ ನಿಂತ ಅವರಿಗೆ ಆಗ 74 ವರ್ಷ. ಯುದ್ಧವನ್ನು ವಿರೋಧಿಸಿದವರು, ಐರ್ಲೆಂಡಿನ ಸ್ವಾತಂತ್ರ್ಯದ ಪರ ಇದ್ದವರು. ಅವರ ತಮ್ಮ ಲಾರ್ಡ್ ಫ್ರೆಂಚ್ ಅದೇ ಹೊತ್ತಿಗೆ ಐರ್ಲೆಂಡಿನಲ್ಲಿ ಬ್ರಿಟಿಷ್ ದೊರೆಯ ಪ್ರತಿನಿಧಿ! ಯುದ್ಧ ಗೆದ್ದ ಹುಮ್ಮಸ್ಸಿನ ಆ ಡಿಸೆಂಬರ್‌ನಲ್ಲಿ ಲಿಬರಲ್ ಅಭ್ಯರ್ಥಿ ರಿಚರ್ಡ್ ಮಾರಿಸ್ ಸುಲಭವಾಗಿ ಗೆದ್ದರು. ಆದರೂ ಡೆಸ್ಪಾರ್ಡ್ ಅವರಿಗೆ ಸುಮಾರು ಮೂರನೇ ಒಂದರಷ್ಟು ಮತ ಬಿತ್ತು. ಗೆದ್ದವರ ಪಟ್ಟಿಯಲ್ಲಿ ಈ ಮಹಾತಾಯಿಯ ಸುಳಿವೇ ಇರುವುದಿಲ್ಲ.

ನನ್ನ ಹಾಳೆಯಲ್ಲಿ ನಾನು ಅತಿ ಜಾಸ್ತಿ ಹೊತ್ತು ಕೂತಿದ್ದು 1922, 1923, 1924ರ ಸಾಲುಗಳ ಮುಂದೆ. ಗೆದ್ದವರ ಪಟ್ಟಿ ಹೇಳುವುದಿಷ್ಟು: ಸಕ್ಲತ್ವಾಲಾ ಗೆದ್ದರು, ಸೋತರು, ಮತ್ತೆ ಗೆದ್ದರು. ಓದಿದವರಿಗೆ ಜನರ ಮನಸ್ಸು ಹೊಯ್ದಾಡಿತು ಅನಿಸುತ್ತದೆ. ಈಗ ಮತಗಳನ್ನು ನೋಡಿ. 1922ರಲ್ಲಿ ಅವರಿಗೆ 11,311. 1923ರಲ್ಲಿ 12,341. 1924ರಲ್ಲಿ 15,096. ಒಂದು ಸಲವೂ ಇಳಿದಿಲ್ಲ. ಸೋತ ವರ್ಷ ಅವರಿಗೆ ಗೆದ್ದ ವರ್ಷಕ್ಕಿಂತ ಸಾವಿರಕ್ಕೂ ಹೆಚ್ಚು ಮತ ಬಂದಿದೆ.

ಹಾಗಾದರೆ ಸೋತಿದ್ದೇಕೆ? ಎದುರಾಳಿಗಳ ಸಾಲು ನೋಡಬೇಕು. 1922ರಲ್ಲಿ ಲಿಬರಲ್ ಪಕ್ಷ ಎರಡು ಹೋಳಾಗಿತ್ತು. ಮಾಜಿ ಪ್ರಧಾನಿ ಲಾಯ್ಡ್ ಜಾರ್ಜ್ ಬಣದ ಹೆನ್ರಿ ಹಾಗ್ಬಿನ್‌ಗೆ 9,290, ಇನ್ನೊಂದು ಬಣದ ಆಲ್ಬುಗೆ 1,756. ಎರಡೂ ಕೂಡಿಸಿದರೆ 11,046. ಸಕ್ಲತ್ವಾಲಾ ಅವರ ಮತಕ್ಕಿಂತ 265 ಮಾತ್ರ ಕಮ್ಮಿ. ನಿಜವಾದ ಪೈಪೋಟಿ ಎಷ್ಟು ಬಿಗಿಯಾಗಿತ್ತು ಅಂತ ಇಲ್ಲೇ ಗೊತ್ತಾಗುತ್ತದೆ. 2,021 ಮತಗಳ ಗೆಲುವಿನ ಅಂತರ ನೋಡಿದರೆ ಗೊತ್ತಾಗುವುದಿಲ್ಲ. 1923ರ ಹೊತ್ತಿಗೆ ಎರಡು ಬಣ ಒಂದಾದವು. ಹಾಗ್ಬಿನ್ 12,527 ತೆಗೆದುಕೊಂಡು 186 ಮತಗಳಿಂದ ಗೆದ್ದರು. ಇನ್ನೊಂದು ವಿಷಯ ಗಮನಿಸಿ. ಈ ಮೂರೂ ಚುನಾವಣೆಗಳಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಯ ಸಾಲೇ ಇಲ್ಲ. ಪಕ್ಕದ ಬ್ಯಾಟರ್ಸೀ ಸೌತ್‌ನಲ್ಲಿ ಆಗ ಕನ್ಸರ್ವೇಟಿವ್ ಪಕ್ಷದ್ದೇ ಸದಸ್ಯ. ಉತ್ತರದಲ್ಲಿ ಆ ಪಕ್ಷದ ಮತದಾರರು ಇರಲಿಲ್ಲ ಅಂತ ಇದರ ಅರ್ಥವಲ್ಲ. ಅವರಿಗೆ ಆರಿಸಿಕೊಳ್ಳಲು ಹಾಗ್ಬಿನ್ ಇದ್ದರು, ಅಷ್ಟೆ.

ಪಕ್ಷದ ಕಾಲಂ ತುಂಬುವಾಗ ಹುಷಾರಾಗಿರಬೇಕು. ಹಾಗ್ಬಿನ್ 1922ರಲ್ಲಿ ನ್ಯಾಷನಲ್ ಲಿಬರಲ್, 1923ರಲ್ಲಿ ಲಿಬರಲ್, 1924ರಲ್ಲಿ ಕಾನ್‌ಸ್ಟಿಟ್ಯೂಷನಲಿಸ್ಟ್, ಅಂದರೆ ಹೆಚ್ಚಾಗಿ ಕನ್ಸರ್ವೇಟಿವ್ ಬೆಂಬಲದಿಂದ ನಿಂತ ಹಳೆಯ ಲಿಬರಲ್‌ಗಳು ಹಾಕಿಕೊಂಡ ಹೆಸರು. ಅದೇ ವರ್ಷ ಎಪ್ಪಿಂಗ್ ಕ್ಷೇತ್ರದಲ್ಲಿ ವಿನ್‌ಸ್ಟನ್ ಚರ್ಚಿಲ್ ನಿಂತಿದ್ದೂ ಇದೇ ಹಣೆಪಟ್ಟಿ ಹಚ್ಚಿಕೊಂಡು. ಸಕ್ಲತ್ವಾಲಾ 1922, 1923ರಲ್ಲಿ ಲೇಬರ್, 1924ರಲ್ಲಿ ಕಮ್ಯುನಿಸ್ಟ್. ಅವರು 1922ಕ್ಕೆ ಮೊದಲೇ ಕಮ್ಯುನಿಸ್ಟ್ ಪಕ್ಷದ ಸದಸ್ಯರು. ಅಂಥವರಿಗೂ ಲೇಬರ್ ಟಿಕೆಟ್ ಸಿಗುವ ಕಾಲ ಅದು. 1924ರ ಅಕ್ಟೋಬರ್‌ನಲ್ಲಿ ಲೇಬರ್ ಪಕ್ಷ ಆ ಬಾಗಿಲು ಮುಚ್ಚಿತು. ಆದರೆ ಬ್ಯಾಟರ್ಸೀಯ ಸ್ಥಳೀಯ ಲೇಬರ್ ಸಂಘಟನೆ ಅವರ ಕೈಬಿಡಲಿಲ್ಲ, ಬೇರೆ ಅಭ್ಯರ್ಥಿಯನ್ನು ಹಾಕಲಿಲ್ಲ. ಹಾಗಾಗಿ ಹಾಳೆಯಲ್ಲಿ ಎರಡು ಕಾಲಂ ಮಾಡಿದೆ. ಒಂದರಲ್ಲಿ ಆ ಚುನಾವಣೆಯಲ್ಲಿ ಅಭ್ಯರ್ಥಿ ಹಾಕಿಕೊಂಡ ಹೆಸರು, ಇನ್ನೊಂದರಲ್ಲಿ ಯಾರ ಬೆಂಬಲ ಇತ್ತು ಅನ್ನೋದು. ಎರಡನ್ನೂ ಬೆರೆಸಿ ಇವತ್ತಿನ ಪಕ್ಷಗಳ ಹೆಸರಿಗೆ ಹೊಂದಿಸಲು ಹೋಗಬೇಡಿ. 'ಯಾವ ಪಕ್ಷ ಯಾರಿಂದ ಸೀಟು ಕಿತ್ತುಕೊಂಡಿತು' ಅನ್ನೋ ಕಾಲಂನಲ್ಲಿ 1924ಕ್ಕೆ ಬರೆಯೋದಾದರೂ ಏನು? ಹೆಸರು ಬದಲಿಸಿದ ಹಳೆಯ ಲಿಬರಲ್ ಒಬ್ಬರನ್ನು ಹೆಸರು ಬದಲಿಸಿದ ಹಳೆಯ ಲೇಬರ್ ಅಭ್ಯರ್ಥಿ ಸೋಲಿಸಿದ್ದಾರೆ. ಆ ಕಾಲಂ ಖಾಲಿ ಬಿಟ್ಟು ಪಕ್ಕದಲ್ಲಿ ಎರಡು ವಾಕ್ಯದ ಟಿಪ್ಪಣಿ ಬರೆದೆ.

ಆ ಗೆಲುವಿನ ತೂಕ ಗೊತ್ತಾಗಬೇಕಾದರೆ ತಾರೀಖು ನೋಡಬೇಕು. ಮತದಾನ ಅಕ್ಟೋಬರ್ 29. ನಾಲ್ಕು ದಿನ ಮುಂಚೆ ಸೋವಿಯತ್ ನಾಯಕ ಜಿನೋವಿಯೆವ್ ಹೆಸರಿನ ಪತ್ರವೊಂದು ಪತ್ರಿಕೆಯಲ್ಲಿ ಬಂತು. ಬ್ರಿಟಿಷ್ ಕಮ್ಯುನಿಸ್ಟರಿಗೆ ಮಾಸ್ಕೋದಿಂದ ಬಂದ ಆದೇಶ ಅಂತ ಹೇಳಲಾದ ಕಾಗದ ಅದು. ದೇಶದ ತುಂಬಾ ಕಮ್ಯುನಿಸ್ಟರ ಮೇಲೆ ಸಿಟ್ಟು. ಆ ಗಾಳಿಯಲ್ಲಿ, ಕಮ್ಯುನಿಸ್ಟ್ ಅಂತ ಹೇಳಿಕೊಂಡೇ ನಿಂತ ಒಬ್ಬ ಭಾರತೀಯ 542 ಮತಗಳಿಂದ ಗೆದ್ದರು. ಆ ಸಭೆಗೆ ಬಂದ ಕಮ್ಯುನಿಸ್ಟ್ ಅವರೊಬ್ಬರೇ. ನನಗಂತೂ ಇದು ಬ್ಯಾಟರ್ಸೀಯ ಜನರ ದೊಡ್ಡತನ ಅಂತಲೇ ಅನಿಸುತ್ತದೆ.

ಅಂಕಿಗಳನ್ನು ಹುಡುಕೋದು ಈಗ ಕಷ್ಟವಲ್ಲ. ಪಾರ್ಲಿಮೆಂಟಿನ ಹಳೆಯ ಚರ್ಚೆಗಳು, ಆ ಕಾಲದ ಪತ್ರಿಕೆಗಳು ಕಂಪ್ಯೂಟರಿನಲ್ಲೇ ಸಿಗುತ್ತವೆ. ಆದರೆ ಚುನಾವಣೆಯ ಮರುದಿನದ ಪತ್ರಿಕೆ ಒಂದನ್ನೇ ನಂಬಬಾರದು. ನವರೋಜಿ ಅವರ 1892ರ ಗೆಲುವನ್ನೇ ತೆಗೆದುಕೊಳ್ಳಿ. ಕೆಲವು ಕಡೆ 5 ಮತದ ಅಂತರ ಅಂತಿದೆ, ಕೆಲವು ಕಡೆ 3. ಮೊದಲ ಎಣಿಕೆಯಲ್ಲಿ 5 ಬಂದಿತ್ತು, ಮರು ಎಣಿಕೆಯಲ್ಲಿ 3 ಆಯಿತು. ಎರಡೂ ಬೇರೆ ಬೇರೆ ಹೊತ್ತಿನ ಲೆಕ್ಕ. ಹಾಗಾಗಿ ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ, ಯಾವ ದಿನದ್ದು ಅಂತ ಬರೆದೆ. ಅಂತರವನ್ನೂ ಶೇಕಡವನ್ನೂ ಎಲ್ಲಿಂದಲೂ ನಕಲು ಮಾಡಲಿಲ್ಲ. ಮತ ಮಾತ್ರ ತುಂಬಿ ಉಳಿದದ್ದನ್ನು ಹಾಳೆಯೇ ಲೆಕ್ಕ ಹಾಕುವ ಹಾಗೆ ಮಾಡಿದೆ. ಎಲ್ಲೋ ಒಂದು ಅಂಕಿ ತಿರುಗುಮುರುಗಾಗಿದ್ದರೆ ಅಂತರ ಕೂಡಲೇ ಹೇಳಿಬಿಡುತ್ತದೆ.

ಇನ್ನೊಂದು ಕಾಲಂ ನಾನು ಸೇರಿಸಿದ್ದು ಚುನಾವಣಾ ಏಜೆಂಟರದ್ದು. ಇದನ್ನು ಯಾಕೋ ಯಾರೂ ಬರೆಯೋದಿಲ್ಲ. 1922ರಲ್ಲಿ ಸಕ್ಲತ್ವಾಲಾ ಅವರ ಏಜೆಂಟ್ ಜಾನ್ ಆರ್ಚರ್. 1913ರಲ್ಲಿ ಬ್ಯಾಟರ್ಸೀಯ ಮೇಯರ್ ಆಗಿದ್ದ ಕಪ್ಪು ಜನಾಂಗದ ನಾಯಕ. ಬೀದಿ ಬೀದಿ ಬಲ್ಲವರು. 1929ರ ಸಾಲಿಗೆ ಬಂದಾಗ ಅವರ ಹೆಸರು ಮತ್ತೆ ಸಿಕ್ಕಿತು, ಆದರೆ ಎದುರು ಪಾಳಯದಲ್ಲಿ. ಲೇಬರ್ ಅಭ್ಯರ್ಥಿ ವಿಲಿಯಂ ಸ್ಟೀಫನ್ ಸ್ಯಾಂಡರ್ಸ್ ಅವರ ಏಜೆಂಟ್! ನಡುವಿನ ಏಳು ವರ್ಷದಲ್ಲಿ ಏನೇನಾಯಿತು ಅನ್ನೋದು ಆ ಒಂದು ಹೆಸರಿನಲ್ಲೇ ಇದೆ. 1926ರ ಮೇ ದಿನದ ಭಾಷಣಕ್ಕೆ ಸಕ್ಲತ್ವಾಲಾ ಎರಡು ತಿಂಗಳು ಜೈಲಿಗೆ ಹೋಗಿ ಬಂದರು. ಕಮ್ಯುನಿಸ್ಟರನ್ನು ಬಿಡದ ಬ್ಯಾಟರ್ಸೀ ಸಂಘಟನೆಯನ್ನು ಲೇಬರ್ ಪಕ್ಷ ಹೊರಗೆ ಹಾಕಿತು. ಇತ್ತ ಕಮ್ಯುನಿಸ್ಟ್ ಪಕ್ಷವೂ ಲೇಬರ್ ಅನ್ನು ಶತ್ರು ಅಂತ ಕರೆಯೋಕೆ ಶುರು ಮಾಡಿತು. ಮನೆ ಎರಡಾದಾಗ ಆರ್ಚರ್ ಲೇಬರ್ ಕಡೆ ನಿಂತರು.

1929ರ ಫಲಿತಾಂಶ ಹೀಗಿದೆ. ಸ್ಯಾಂಡರ್ಸ್ 13,265. ಕನ್ಸರ್ವೇಟಿವ್ ಪಕ್ಷದ ಆರ್ಥರ್ ಮಾರ್ಸ್‌ಡನ್ 10,833. ಸಕ್ಲತ್ವಾಲಾ 6,554. ಲಿಬರಲ್ ಪಕ್ಷದ ಬ್ರೋಗನ್ 4,513. ಇಲ್ಲಿ ಎರಡು ವಿಷಯ ನೋಡಬೇಕು. 1928ರಲ್ಲಿ ಮಹಿಳೆಯರಿಗೂ ಗಂಡಸರ ಹಾಗೆ 21ಕ್ಕೇ ಮತದ ಹಕ್ಕು ಬಂದಿತ್ತು. ಒಟ್ಟು ಮತ 29,650ರಿಂದ 35,165ಕ್ಕೆ ಏರಿದ್ದಕ್ಕೆ ಅದೇ ದೊಡ್ಡ ಕಾರಣ. ಹಾಗಾಗಿ 1924ರ ಜೊತೆ ಬರೀ ಮತಗಳನ್ನು ಹೋಲಿಸಬಾರದು, ಶೇಕಡ ಹಿಡಿಯಬೇಕು. ಸಕ್ಲತ್ವಾಲಾ ಶೇ. 50.9ರಿಂದ ಶೇ. 18.6ಕ್ಕೆ ಬಿದ್ದರು. ಆದರೆ ಸ್ಯಾಂಡರ್ಸ್ ಮತ್ತು ಸಕ್ಲತ್ವಾಲಾ ಇಬ್ಬರದ್ದೂ ಕೂಡಿಸಿದರೆ ಶೇ. 56 ದಾಟುತ್ತದೆ. ಅಲ್ಲಿನ ಮತದಾರರು ಎಡಪಂಥದಿಂದ ದೂರ ಸರಿಯಲಿಲ್ಲ, ಆ ಮತ ಎರಡು ಪಾಲಾಯಿತು.

ಇನ್ನು ಠೇವಣಿ. ಆಗ 150 ಪೌಂಡ್ ಕಟ್ಟಬೇಕಿತ್ತು, ಎಂಟನೇ ಒಂದು ಪಾಲು ಮತ ಸಿಗದಿದ್ದರೆ ಜಪ್ತಿ. ಭಾರತದಲ್ಲಿ ಇದು ಆರನೇ ಒಂದು ಪಾಲು. ಬ್ರೋಗನ್ ಠೇವಣಿ ನೂರು ಚಿಲ್ಲರೆ ಮತದಲ್ಲಿ ಉಳಿಯಿತು. 1931ರಲ್ಲಿ ಸಕ್ಲತ್ವಾಲಾಗೆ ಬಂದದ್ದು 3,021. ಠೇವಣಿ ಹೋಯಿತು. ಲೇಬರ್ ಪಕ್ಷ ದೇಶದಲ್ಲೆಲ್ಲ ನೆಲಕಚ್ಚಿದ ವರ್ಷ ಅದು. ಮಾರ್ಸ್‌ಡನ್ 18,688 ಮತ ಪಡೆದು ಸ್ಯಾಂಡರ್ಸ್ ಅವರನ್ನು ಸೋಲಿಸಿದರು. ಈ ಮಾರ್ಸ್‌ಡನ್ ಮೊದಲು ನೌಕಾಪಡೆಯಲ್ಲಿದ್ದವರು. 1916ರ ಜಟ್‌ಲೆಂಡ್ ಕಾಳಗದಲ್ಲಿ ಅವರ ಹಡಗು ಮುಳುಗಿದಾಗ ಬದುಕಿ ಬಂದವರು. ಸಕ್ಲತ್ವಾಲಾ 1936ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ಜೈಲಿಗೆ ಹಾಕಿದ್ದೂ ಆಯಿತು, 1927ರ ಪ್ರವಾಸದ ನಂತರ ಭಾರತಕ್ಕೆ ಕಾಲಿಡದಂತೆ ತಡೆದಿದ್ದೂ ಆಯಿತು. ಆದರೂ ಅವರು ತಮ್ಮ ಮಾತು ಬದಲಿಸಲಿಲ್ಲ.

ಮುಂದಿನ ಭಾಗ ಬೇಗ ಮುಗಿಯಿತು. 1935ರಲ್ಲಿ ಸ್ಯಾಂಡರ್ಸ್ ಮರಳಿ ಗೆದ್ದರು. 1940ರಲ್ಲಿ ಅವರು ಬಿಟ್ಟಾಗ ಉಪಚುನಾವಣೆ ನಡೆದು ಲೇಬರ್ ಪಕ್ಷದ ಫ್ರಾನ್ಸಿಸ್ ಡಗ್ಲಸ್ ಬಂದರು. ಯುದ್ಧಕಾಲದಲ್ಲಿ ದೊಡ್ಡ ಪಕ್ಷಗಳು ಒಬ್ಬರ ಎದುರು ಒಬ್ಬರು ನಿಲ್ಲದ ಒಪ್ಪಂದ ಮಾಡಿಕೊಂಡಿದ್ದವು. ಹಾಗಾಗಿ ಡಗ್ಲಸ್ ಪಡೆದ ಭಾರೀ ಶೇಕಡಾವನ್ನು ಜನಪ್ರಿಯತೆ ಅಂತ ಓದಬಾರದು. ಆ ಸಾಲಿಗೆ ಹಳದಿ ಬಣ್ಣ ಹಚ್ಚಿ, ಸರಾಸರಿ ಲೆಕ್ಕದಿಂದ ಹೊರಗಿಟ್ಟೆ. ಡಗ್ಲಸ್ 1946ರಲ್ಲಿ ಮಾಲ್ಟಾದ ಗವರ್ನರ್ ಆಗಿ ಹೋದಾಗ ಮತ್ತೊಂದು ಉಪಚುನಾವಣೆ. ಗೆದ್ದವರು ಡಗ್ಲಸ್ ಜೇ. ಅವರು 1983ರವರೆಗೂ ಇದ್ದರು, ನಡುವೆ ಹೆರಾಲ್ಡ್ ವಿಲ್ಸನ್ ಸರ್ಕಾರದಲ್ಲಿ ವ್ಯಾಪಾರ ಮಂತ್ರಿಯಾದರು. ಮೂವತ್ತೇಳು ವರ್ಷ ಒಬ್ಬರೇ ಸದಸ್ಯ.

1983ರ ಮರುವಿಂಗಡಣೆಯಲ್ಲಿ ಉತ್ತರ, ದಕ್ಷಿಣದ ಬಹುಭಾಗ ಸೇರಿ ಮತ್ತೆ ಒಂದೇ ಬ್ಯಾಟರ್ಸೀ ಆಯಿತು. ಅಲ್ಲಿ ಆ ವರ್ಷ ಗೆದ್ದ ಲೇಬರ್ ಪಕ್ಷದ ಆಲ್ಫ್ ಡಬ್ಸ್ ಅದಕ್ಕೆ ಮೊದಲು ಬ್ಯಾಟರ್ಸೀ ಸೌತ್ ಸದಸ್ಯರಾಗಿದ್ದವರು. ಈ ಹೊಸ ಕ್ಷೇತ್ರದ ಅಂಕಿಗಳನ್ನು ನನ್ನ ಹಾಳೆಯ ಕೆಳಗೆ ಮುಂದುವರಿಸಲಿಲ್ಲ. ಹೆಸರು ಹಳೆಯದಾದರೂ ಗಡಿ ಬೇರೆ, ಮತದಾರರು ಬೇರೆ. 1979ರ ಜೊತೆ ಹೋಲಿಸಿ ಇಷ್ಟು ಶೇಕಡ ಏರಿತು, ಇಳಿತು ಅಂತ ಬರೆದರೆ ಸುಳ್ಳಾಗುತ್ತದೆ. ಬ್ಯಾಟರ್ಸೀ ಸೌತ್‌ನ 1918ರಿಂದ 1979ರವರೆಗಿನ ಸಾಲುಗಳನ್ನು ಇದೇ ಕಾಲಂಗಳಲ್ಲಿ ಈಗ ತುಂಬುತ್ತಿದ್ದೇನೆ. ಎರಡೂ ಸೇರಿದ ಮೇಲೆ ಆ ಹೊಸ ಹಾಳೆ ತೆರೆಯುತ್ತೇನೆ.