ಬಣ್ಣ ಆಮೇಲೆ, ಮೊದಲು ನೀರಿನ ದಾರಿ ಹುಡುಕಿ

ಕೋಲಾರದ ಕಡೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಮುಗಿಯುವ ಹೊತ್ತಿಗೆ ಹಳೇ ಮನೆಗಳ ಗೋಡೆ ಬೂಷ್ಟು ಹಿಡಿದಿರುತ್ತದೆ. ದೀಪಾವಳಿಗೆ ಅಂತ ಪುಟ್ಟಿ ಬಳಿಸಿ ಬಣ್ಣ ಹೊಡೆಸುತ್ತೇವೆ. ಸಂಕ್ರಾಂತಿಗೆ ಅದೇ ಜಾಗದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿರುತ್ತದೆ. ನೀರು ಬರುವ ದಾರಿ ಮುಚ್ಚದೆ ಬಣ್ಣ ಹೊಡೆದರೆ ಇನ್ನೇನಾಗುತ್ತದೆ, ಅಲ್ವಾ?

ಮೊದಲು ಕಲೆ ಎಲ್ಲಿದೆ ನೋಡಿ. ನೆಲದಿಂದ ಸುಮಾರು 3 ಅಡಿಯವರೆಗೆ ಅಡ್ಡಪಟ್ಟಿಯಂತೆ ಇದ್ದರೆ ನೀರು ಪಾಯದಿಂದ ಏರುತ್ತಿದೆ. ಚಾವಣಿಯಲ್ಲಿ ಕಂದು ಉಂಗುರ ಇದ್ದರೆ ಮೇಲಿಂದ ಸೋರುತ್ತಿದೆ. ಬಚ್ಚಲ ಗೋಡೆ ಏಪ್ರಿಲ್‌ನಲ್ಲೂ ಒದ್ದೆಯಾಗಿದ್ದರೆ ಪೈಪಿನ ಮೇಲೆ ಅನುಮಾನಪಡಿ. ಬೀರುವಿನ ಹಿಂದೆ, ಮೂಲೆಯಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಅದು ಹೆಚ್ಚಾಗಿ ಗಾಳಿಯಾಡದ ತೊಂದರೆ.

ಗೋಡೆ ಮೇಲಿನ ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಒಂದು ಹನಿ ನೀರು ಬಿಡಿ, ಕರಗಿದರೆ ಉಪ್ಪು. ಇನ್ನೂ ಗೊಂದಲವಿದ್ದರೆ ಅಡುಗೆಮನೆಯ ಫಾಯಿಲ್ ಹಾಳೆಯ ಒಂದು ತುಂಡನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ನಮ್ಮ ಕಡೆಯ ಮುಖದಲ್ಲಿ ಹನಿ ಕಂಡರೆ ತೇವ ಕೋಣೆಯ ಗಾಳಿಯದು. ಹಿಂಬದಿ ಒದ್ದೆಯಾಗಿದ್ದರೆ ಗೋಡೆಯದು.

ಈಗ ಮನೆ ಸುತ್ತ ಒಂದು ಸುತ್ತು ಹಾಕಿ. ಪೇಟೆ ಬೀದಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು, ಎಷ್ಟೋ ಮನೆಗಳ ನೆಲ ರಸ್ತೆಗಿಂತ ತಗ್ಗಾಗಿದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಗೋಡೆಗೆ ಒತ್ತಿ ಹಾಕಿದ ಜಲ್ಲಿ, ಮಣ್ಣು, ಹೂಕುಂಡ ತೆಗೆಯಿರಿ. ಮಳೆನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿಸಿ, ಚರಂಡಿ ಬಿರುಕು ಮುಚ್ಚಿಸಿ. ಅರ್ಧದಷ್ಟು ತೊಂದರೆ ಇಲ್ಲೇ ಮುಗಿಯುವುದುಂಟು.

ಕಲ್ಲು ಚಪ್ಪಡಿಯ ಮಾಳಿಗೆಯಾದರೆ ನೀರು ಇಳಿಯುವುದು ಚಪ್ಪಡಿಗಳ ಸಂದಿಯಲ್ಲಿ. ಅಲ್ಲಿನ ಸಡಿಲ ಗಾರೆ ಕೆರೆದು ಮತ್ತೆ ತುಂಬಿಸಿ. ಮಾಳಿಗೆ ಮತ್ತು ಮೋಟುಗೋಡೆ ಸೇರುವ ಮೂಲೆಯನ್ನೂ ಬಿಡಬೇಡಿ. ತೂಬಿನಲ್ಲಿ ಎಲೆ ಕಟ್ಟಿಕೊಂಡಿದ್ದರೆ ಉಳಿದದ್ದೆಲ್ಲ ದಂಡ.

ಮುಖ್ಯವಾದ ಮಾತು ಗಾರೆಯದು. ಹಳೇ ಮನೆಯ ಗೋಡೆ ಕಲ್ಲು, ಮಣ್ಣು, ಸುಣ್ಣದ್ದು. ಅದು ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಇಂಥ ಗೋಡೆ ಉದುರಿದ ಕೂಡಲೇ ಮೇಸ್ತ್ರಿ ಸಿಮೆಂಟ್ ಮೆತ್ತುತ್ತಾರೆ. ಆಗ ತೇವಕ್ಕೆ ಹೊರಬರಲು ಜಾಗವಿಲ್ಲ. ಅದು ಸಿಮೆಂಟಿನ ಹಿಂದೆಯೇ ಇನ್ನೂ ಮೇಲೇರಿ, 3 ಅಡಿಯ ಕಲೆ 4 ಅಡಿಯಾಗುತ್ತದೆ. ಮೇಲೆ ಪ್ಲಾಸ್ಟಿಕ್ ಪೇಂಟ್ ಬಿದ್ದರೆ ಕೇಳುವುದೇ ಬೇಡ. ಟೊಳ್ಳು ಸದ್ದು ಬರುವ ಸಿಮೆಂಟನ್ನು ಕಲೆಗಿಂತ ಒಂದಡಿ ಮೇಲಿನವರೆಗೆ ತೆಗೆಸಿ, ಸುಣ್ಣ-ಮರಳಿನ ಗಾರೆ ಹಾಕಿಸಿ. ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಗಾರೆ ಅರೆಯುತ್ತಿದ್ದ ಕಾಲದ ಕೆಲಸ ಬಲ್ಲವರು ಸಿಕ್ಕರೆ ನಿಮ್ಮ ಅದೃಷ್ಟ. ತೇವ ಮೇಲೇರದಂತೆ ಗೋಡೆ ಕೊರೆದು ಕೆಮಿಕಲ್ ತುಂಬುವವರೂ ಬರುತ್ತಾರೆ. ಇಟ್ಟಿಗೆ ಗೋಡೆಗೆ ಅದು ಸರಿ. ಮಣ್ಣಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆಯಲ್ಲಿ ಕೆಮಿಕಲ್ ಎಲ್ಲ ಕಡೆ ಸಮನಾಗಿ ಹರಡುವುದು ಕಷ್ಟ. ನಾನಾದರೆ ಆ ದುಡ್ಡಲ್ಲಿ ಚರಂಡಿ ಸರಿ ಮಾಡಿಸುತ್ತೇನೆ.

ಬೂಷ್ಟನ್ನು ಒಣಗಿದ ಪೊರಕೆಯಲ್ಲಿ ಗುಡಿಸಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಎನ್‌95 ಮಾಸ್ಕ್, ಕೈಗವಸು ಹಾಕಿ, ಕಿಟಕಿ ತೆರೆದು, ಸೋಪಿನ ನೀರಲ್ಲಿ ಒದ್ದೆ ಮಾಡಿ ಒರೆಸಿ, ಬಟ್ಟೆ ಎಸೆದುಬಿಡಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಬೇಡ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್ ಅಥವಾ ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಸುಣ್ಣದ ಗೋಡೆಗೆ ವಿನೆಗರ್ ಕೂಡ ಬೇಡ, ಸುಣ್ಣವನ್ನೇ ತಿನ್ನುತ್ತದೆ.

ಆಮೇಲೆ ಕಾಯಬೇಕು. ಒದ್ದೆ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ. ಒಂದೂವರೆ ಅಡಿಯ ಗೋಡೆ ಎರಡೂ ಕಡೆಯಿಂದ ಒಣಗಿದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿ, ಬೇಸಿಗೆಯ ಬಿಸಿಲು ಪೂರ್ತಿ ಸಿಗುತ್ತದೆ. ಒಣಗುವಾಗ ಉಪ್ಪು ಹೊರಬಂದರೆ ಗಾಬರಿ ಬೇಡ, ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ ಹೊರಗೆ ಹಾಕಿ. ಉಪ್ಪಿಗೆ ನೀರು ಹಾಕಿ ತೊಳೆದರೆ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಕೊನೆಗೆ ಸುಣ್ಣ ಹೊಡೆಸಿ ಸಾಕು.

ಬಾಡಿಗೆ ಮನೆಯವರು ಇಷ್ಟೆಲ್ಲ ಮಾಡಿಸುವುದು ಸಾಧ್ಯವಿಲ್ಲ. ಬೀರು, ಮಂಚ ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಒದ್ದೆ ಬಟ್ಟೆ ಕೋಣೆಯೊಳಗೆ ಹರವಬೇಡಿ. ಅಡುಗೆ ಮಾಡುವಾಗ ಕಿಟಕಿ ತೆರೆಯಿರಿ. ಮಳೆ ಬರುವಾಗಲೇ ಕಲೆಯ ಫೋಟೊ ತೆಗೆದು ತಾರೀಖಿನ ಸಮೇತ ಮಾಲೀಕರಿಗೆ ಕಳಿಸಿ. ಬೇಸಿಗೆಯಲ್ಲಿ ತೋರಿಸಿದರೆ ಯಾರೂ ನಂಬುವುದಿಲ್ಲ.