ಮೀನು ಹಿಡಿಯುವ ಹಳೆ ರೀಲ್ ಬಿಚ್ಚುದಾ, ಬಿಡುದಾ? ನನ್ನ ಅನುಭವ

ಗಾಳದ ದಾರ ಸುತ್ತುವ ಹಳೆ ರೀಲ್ ಹಾಳಾದ್ರೆ ಎಲ್ರೂ ಮೊದಲು ರೇಟಿನ ಲೆಕ್ಕ ಹಾಕ್ತಾರೆ, ಹೊಸ್ತು ಎಷ್ಟಕ್ಕೆ ಸಿಗ್ತದೆ, ರಿಪೇರಿಗೆ ಎಷ್ಟಾಗ್ತದೆ ಅಂತ. ಆದ್ರೆ ಬಿಚ್ಚದೆ ರಿಪೇರಿ ಖರ್ಚು ಯಾರಿಗೆ ಗೊತ್ತಾಗ್ತದೆ ಹೇಳಿ? ನಾನು ನೋಡುದು ಒಂದೇ, ಸಮುದ್ರದ ಉಪ್ಪು ಎಲ್ಲಿವರೆಗೆ ಒಳಗೆ ಹೋಗಿದೆ ಅಂತ. ಬೇರಿಂಗ್, ಸ್ಪ್ರಿಂಗ್, ವಾಷರ್‌ವರೆಗೆ ಮಾತ್ರ ಹೋಗಿದ್ರೆ ಕೈ ಹಾಕ್ತೇನೆ. ಗೇರಿನ ಹಲ್ಲು ಅಥವಾ ಬಾಡಿಯನ್ನೇ ತಿಂದಿದ್ರೆ ಅಲ್ಲಿಗೆ ಕೈ ಮುಗಿಯುದು.

ನನ್ನ ಹತ್ರ ಇದ್ದದ್ದು ಮಾವ ಕುವೈಟಿಂದ ತಂದಿದ್ದ ಪೆನ್ (Penn) ಕಂಪನಿಯ ಸ್ಪಿನ್‌ಫಿಶರ್ ರೀಲ್, ಪೂರಾ ಮೆಟಲ್ ಬಾಡಿ, ಕೈಯಲ್ಲಿ ಹಿಡಿದ್ರೆ ಈಗಿನ ರೀಲಿಗಿಂತ ಒಳ್ಳೆ ಭಾರ ಉಂಟು. ಮಲ್ಪೆ, ಕಾಪು ಕಡೆ ಬಂಡೆ ಮೇಲೆ ನಿಂತು ಮುರು, ಕೆಂಬೇರಿ ಮೀನಿಗೆ ಗಾಳ ಹಾಕ್ಲಿಕ್ಕೆ ಅಂತ ಮಾವ ಇಟ್ಕೊಂಡಿದ್ರು, ಆಮೇಲೆ ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿತ್ತು. ಹ್ಯಾಂಡಲ್ ತಿರುಗಿಸಿದ್ರೆ ಗರಗರ ಶಬ್ದ, ಬೇಲ್ (ದಾರ ಹಿಡಿದು ಸುತ್ತಿಸುವ ತಂತಿ) ತೆರೆದದ್ದು ತೆರೆದಂಗೇ ನಿಲ್ತಿತ್ತು. ಅಂಗಡಿಯವರು ನೋಡಿ "ಹೊಸ್ತು ತಗೊಳ್ಳಿ ಮಾರ್ರೆ" ಅಂದ್ರು, ಅವ್ರದ್ದೂ ವ್ಯಾಪಾರ ಅಲ್ವಾ.

ಬಿಚ್ಚುವ ಮೊದಲೇ ಸುಮಾರು ವಿಷಯ ಗೊತ್ತಾಗ್ತದೆ. ಸ್ಪೂಲ್ (ದಾರ ಸುತ್ತಿಕೊಳ್ಳುವ ಉರುಳೆ) ತೆಗೆದು ಹ್ಯಾಂಡಲನ್ನು ತುಂಬಾ ನಿಧಾನ ತಿರುಗಿಸಿ. ಇಡೀ ಸುತ್ತು ಒಂದೇ ರೀತಿ ಮರಳು ಅರೆದ ಹಾಗೆ ಆದ್ರೆ ಹೆಚ್ಚಾಗಿ ಬೇರಿಂಗ್ ಅಥವಾ ಒಣಗಿದ ಗ್ರೀಸ್. ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಕಟಕ್ ಅಂತ ಸಿಕ್ಕಿಬಿದ್ರೆ ಗೇರಿನ ಹಲ್ಲು ನೋಡ್ಬೇಕು. ಆಮೇಲೆ ಸ್ಪೂಲ್ ವಾಪಸ್ ಹಾಕಿ, ಲೈನನ್ನು (ಗಾಳದ ದಾರ) ಜಗಲಿ ಕಂಬಕ್ಕೆ ಕಟ್ಟಿ ಸ್ವಲ್ಪ ಎಳೆತ ಕೊಟ್ಟು ತಿರುಗಿಸಿ ನೋಡಿ, ಖಾಲಿ ತಿರುಗುವಾಗ ನುಣ್ಣಗೆ ಇದ್ದು ಭಾರ ಬಿದ್ದಾಗ ಮಾತ್ರ ಅರೆದ್ರೆ ಗೇರ್ ಸವೆದಿದೆ ಅಂತ ನಂಗೆ ಡೌಟ್ ಶುರು. ಸ್ಪೂಲ್ ಅಲ್ಲಾಡಿಕೊಂಡು ತಿರುಗ್ತಿದ್ರೆ ನಡುವಿನ ಶಾಫ್ಟ್ ಬಾಗಿರ್ಬಹುದು, ಬಿಚ್ಚಿದ ಮೇಲೆ ಅದನ್ನು ಗಾಜಿನ ಮೇಲೆ ಉರುಳಿಸಿದ್ರೆ ಗೊತ್ತಾಗ್ತದೆ.

ಇನ್ನು ಸ್ಕ್ರೂ. ನಿಜವಾದ ನಿರ್ಧಾರ ಆಗುದು ಇಲ್ಲೇ. ಬಾಡಿ ಅಲ್ಯುಮಿನಿಯಂ, ಸ್ಕ್ರೂ ಸ್ಟೀಲ್, ನಡುವೆ ಉಪ್ಪುನೀರು ಸೇರಿದ್ರೆ ಅಲ್ಯುಮಿನಿಯಂ ಕರಗ್ತಾ ಬರ್ತದೆ, ಸ್ಕ್ರೂ ಸುತ್ತ ಬಿಳಿ ಹುಡಿ ಕೂತು ಅದು ಸಿಮೆಂಟ್ ಹಾಕಿದ ಹಾಗೆ ಗಟ್ಟಿಯಾಗ್ತದೆ. ಅದಕ್ಕೆ ಬಲ ಹಾಕ್ಲೇಬಾರ್ದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟೆ, ಮರುದಿನ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಒತ್ತಿ ಬಿಸಿ ಮಾಡಿ, ತಣಿದ ಮೇಲೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಲ್ಲಿ ಮೊದ್ಲು ಬಿಗಿಯುವ ಕಡೆಗೆ ಒಂಚೂರು, ಆಮೇಲೆ ಬಿಚ್ಚುವ ಕಡೆಗೆ. ಹಾಗೆ ಬಿಸಿ, ತಣಿಸು, ಅಲ್ಲಾಡಿಸು ಮಾಡಿ ಮಾಡಿ ಬಂತು. ತಲೆ ಸವೆಯಲಿಕ್ಕೆ ಶುರುವಾದ್ರೆ ನಿಲ್ಲಿಸಿ, ಬಂದರಿನ ಹತ್ರ ಬೋಟ್ ಕೆಲಸ ಮಾಡುವ ಲೇತ್ ಶಾಪಿನವ್ರಿಗೆ ಕೊಡಿ, ಉಪ್ಪಲ್ಲಿ ಹಿಡಿದ ಬೋಲ್ಟ್ ಅವ್ರಿಗೆ ದಿನಾ ಇರುದೇ. ಇನ್ನೊಂದು, ರೋಟರ್ (ಬೇಲ್ ಸಮೇತ ತಿರುಗುವ ಭಾಗ) ನಟ್ ಕೆಲವು ರೀಲಲ್ಲಿ ಉಲ್ಟಾ ಥ್ರೆಡ್ ಇರ್ತದೆ, ಹಾಗಾಗಿ ಆ ಮಾಡೆಲಿನ ಪಾರ್ಟ್ಸ್ ಚಿತ್ರ ಹುಡುಕಿ ಇಟ್ಕೊಂಡೇ ಕೂರಿ. ಪೆನ್‌ನವ್ರು 1932ರಿಂದ ರೀಲ್ ಮಾಡುವವ್ರು, ಹಳೆ ಮಾಡೆಲಿಗೂ ಚಿತ್ರ ಸಿಗ್ತದೆ, ಪಾರ್ಟ್ ನಂಬರ್ ಸಮೇತ. ನಾನು ರಿಪೇರಿ ಮಾಡುವ ಅಂತ ಧೈರ್ಯ ಮಾಡಿದ್ದಕ್ಕೆ ಅದೂ ಒಂದು ಕಾರಣ. ಹೆಸರೇ ಕೇಳದ ಅಗ್ಗದ ರೀಲಿಗೆ ಈ ಸೌಕರ್ಯ ಇಲ್ಲ.

ಒಳಗೆ ಗ್ರೀಸ್ ಕಪ್ಪಾಗಿ ಮೇಣದ ಥರ ಆಗಿತ್ತು, ಆದ್ರೆ ಹಲ್ಲು ಚೆನ್ನಾಗಿತ್ತು. ಅಲ್ಲಿಗೆ ನಂಗೆ ಡಿಸೈಡ್ ಆಯ್ತು. ಪ್ರತಿ ಪಾರ್ಟ್ ತೆಗೆದ ಹಾಗೆ ಫೋಟೋ, ತೆಗೆದ ಕ್ರಮದಲ್ಲೇ ಹಳೆ ಪೇಪರ್ ಮೇಲೆ ಸಾಲಾಗಿ ಇಡುದು, ಮೆಟಲ್ ಪಾರ್ಟನ್ನು ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯುದು. ಡ್ರ್ಯಾಗ್ (ಮೀನು ಎಳೆದಾಗ ಲೈನನ್ನು ಬಿಗಿ ಹಿಡಿದು ಬಿಡುವ ಬ್ರೇಕ್) ವಾಷರ್ ಮಾತ್ರ ಸೀಮೆಎಣ್ಣೆಗೆ ಹಾಕ್ಬೇಡಿ. ಬೇರಿಂಗಿಗೆ ಕಂಪನಿ ಪಾರ್ಟೇ ಬೇಕು ಅಂತಿಲ್ಲ, ವರ್ನಿಯರಲ್ಲಿ ಒಳಗೆ, ಹೊರಗೆ, ದಪ್ಪ ಅಳೆದು ಬೇರಿಂಗ್ ಅಂಗಡಿಗೆ ಹೋದ್ರೆ ಆಯ್ತು. 7×14×5 ಮಿ.ಮೀ. ಆದ್ರೆ 687, 8×16×5 ಆದ್ರೆ 688 ಅಂತ ಕೇಳಿ, ಸ್ಟೇನ್‌ಲೆಸ್ ಅಂತ ಒತ್ತಿ ಹೇಳಿ, ಇಲ್ಲದಿದ್ರೆ ಮಾಮೂಲಿದು ಕೊಡ್ತಾರೆ, ಮತ್ತೆ ಸಮುದ್ರಕ್ಕೆ ಹೋದ್ರೆ ತುಕ್ಕು.

ಬೇಲ್ ಸ್ಪ್ರಿಂಗ್ ತುಂಡಾಗಿತ್ತು. ಅದನ್ನು ಆನ್‌ಲೈನಲ್ಲಿ ತರಿಸಿದೆ. ಬರ್ಲಿಕ್ಕೆ ತಡ ಆಯ್ತು, ಆದ್ರೆ ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ದೊಡ್ಡ ಬೋಟುಗಳೇ ದಡದಲ್ಲಿರ್ತವೆ, ಆ ಮಳೆಗೆ ಬಂಡೆ ಮೇಲೆ ನಿಲ್ಲುವ ಹುಚ್ಚು ನಂಗೂ ಇಲ್ಲ, ಹಾಗಾಗಿ ಅರ್ಜೆಂಟ್ ಏನೂ ಇರ್ಲಿಲ್ಲ.

ಗೇರಿಗೆ ನೀರಿಗೆ ತೊಳೆದು ಹೋಗದ ಗ್ರೀಸ್, ಬೇರಿಂಗಿಗೆ ಮತ್ತು ಲೈನ್ ರೋಲರಿಗೆ (ಬೇಲಿನಲ್ಲಿ ಲೈನ್ ಜಾರುವ ಸಣ್ಣ ಉರುಳೆ) ತೆಳು ಎಣ್ಣೆ ಒಂದೊಂದು ತೊಟ್ಟು. ಈಗಿನ ರೀಲಲ್ಲಿ ಹಿಂದೆ ತಿರುಗದ ಹಾಗೆ ಒನ್‌ವೇ ಬೇರಿಂಗ್ ಇರ್ತದಲ್ಲ, ಅದಕ್ಕೆ ಗ್ರೀಸ್ ತುಂಬಿದ್ರೆ ಹ್ಯಾಂಡಲ್ ಹಿಂದಕ್ಕೆ ಜಾರ್ತದೆ, ಅದನ್ನು ಬಿಚ್ಚುದೂ ತಲೆನೋವು, ಸಣ್ಣ ಸಣ್ಣ ರೋಲರ್ ಉದುರಿ ಎಲ್ಲಿ ಹೋಯ್ತು ಅಂತಲೇ ಗೊತ್ತಾಗುದಿಲ್ಲ. ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಮುಚ್ಚುವವ್ರೂ ಇದ್ದಾರೆ, ಅದು ಕ್ಲೀನ್ ಮಾಡ್ಲಿಕ್ಕೆ ಸರಿ, ಗ್ರೀಸಿನ ಬದಲಿಗೆ ಆಗುದಿಲ್ಲ.

ಜೋಡಿಸಿದ ಮೇಲೆ ಲಗೇಜ್ ತೂಗುವ ಸ್ಕೇಲಿಗೆ ಲೈನ್ ಕಟ್ಟಿ ಎಳೆದೆ. ಲೈನ್ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಡ್ರ್ಯಾಗ್ ಬಿಡ್ಬೇಕು, ಅಂದ್ರೆ 10 ಕೆ.ಜಿ. ಲೈನಿಗೆ ಎರಡೂವರೆ-ಮೂರು ಕೆ.ಜಿ. ಅದೂ ಜರ್ಕ್ ಹೊಡೆಯದೆ ಒಂದೇ ಸಮ ಬಿಡ್ಬೇಕು. ಬಿಡ್ತು.

ಮಾವನ ಹತ್ರ ಇನ್ನೊಂದು ರೀಲೂ ಇತ್ತು, ಪ್ಲಾಸ್ಟಿಕ್ ಬಾಡಿದು. ಅದರ ಪಿನಿಯನ್ (ಸಣ್ಣ ಗೇರ್) ಹಲ್ಲು ಸವೆದು ಚೂಪಾಗಿತ್ತು, ಬೇರಿಂಗ್ ಕೂರುವ ಜಾಗವೇ ಬಿರುಕು ಬಿಟ್ಟಿತ್ತು. ಅದರ ಸ್ಪೂಲ್, ಹ್ಯಾಂಡಲ್ ಗುಬ್ಬಿ, ನಾಲ್ಕಾರು ಸ್ಕ್ರೂ ಡಬ್ಬಿಗೆ ಹಾಕ್ಕೊಂಡೆ, ಬಾಕಿದ್ದು ಗುಜರಿಗೆ ಹೋಯ್ತು.